ಬೆರಳ ತುದಿಯ ಜಡ್ಡು

ನಮ್ಮ ಕಾಲೇಜಿನಲ್ಲಿ ಅಧ್ಯಾಪಕರು ಈಗ ಹಾಜರಿ ಪುಸ್ತಕದಲ್ಲಿ ಸಹಿ ಮಾಡುವುದಿಲ್ಲ. ಗೋಡೆಗೆ ತಗುಲಿಸಿದ ಪುಟ್ಟ ಯಂತ್ರವೊಂದರ ಗಾಜಿನ ಮೇಲೆ ಬೆರಳಿಡಬೇಕು. ಅದು ಬೆರಳಿನ ಗೆರೆಗಳನ್ನು ಓದಿ, ಬಂದವರು ಇಂಥವರೇ ಎಂದು ಒಪ್ಪಿಕೊಳ್ಳಬೇಕು. ಬಲಗೈಯಲ್ಲಿ ಸದಾ ಪುಸ್ತಕದ ಚೀಲವಿರುವುದರಿಂದ ನಾನು ಒಪ್ಪಿಸಿದ್ದು ಎಡಗೈಯ ತೋರುಬೆರಳನ್ನು. ಆ ಯಂತ್ರಕ್ಕೂ ನನಗೂ ಮೊದಲಿನಿಂದಲೂ ಆಗಿಬರಲಿಲ್ಲ. ಮೂರು ಬಾರಿ ಇಟ್ಟರೂ ‘ಮತ್ತೆ ಪ್ರಯತ್ನಿಸಿ’ ಎಂಬುದೇ ಅದರ ಉತ್ತರ. ಒಂದು ದಿನ ಕಚೇರಿಯ ಗುಮಾಸ್ತರು ನನ್ನ ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. “ಏನ್ ಸಾರ್ ಇದು, ಕನ್ನಡ ಪಾಠ ಹೇಳೋರ ಕೈಯೋ, ಸೌದೆ ಒಡೆಯೋರ ಕೈಯೋ?” ಎಂದು ನಕ್ಕರು.

ಅವರ ಸಂದೇಹ ನಿರಾಧಾರವಾದುದಲ್ಲ. ನನ್ನ ಎಡಗೈಯ ನಾಲ್ಕು ಬೆರಳುಗಳ ತುದಿಯೂ ಜಡ್ಡುಗಟ್ಟಿದೆ. ಅದು ಕೊಡಲಿಯ ಕೊಡುಗೆಯಲ್ಲ. ಹನ್ನೆರಡು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ನಾನು ನುಡಿಸುತ್ತ ಬಂದಿರುವ ಗಿಟಾರಿನ ಕೊಡುಗೆ. ಹಗಲೆಲ್ಲ ಪಂಪ, ರನ್ನರ ಸಹವಾಸ. ಸಂಜೆ ಒಂದಿಷ್ಟು ಹೊತ್ತು ಆರು ತಂತಿಗಳ ಸಹವಾಸ. ವೃತ್ತಿಯಿಂದ ಸಂಗೀತಗಾರನಲ್ಲದ, ಆದರೆ ಸಂಗೀತವನ್ನು ಬಿಟ್ಟಿರಲೂ ಆಗದ ಇಂಥವರು ಪ್ರತಿಯೊಂದು ಬಡಾವಣೆಯಲ್ಲಿಯೂ ಇದ್ದಾರೆ. ಒಬ್ಬರು ಬ್ಯಾಂಕಿನಿಂದ ಬಂದು ಪಿಟೀಲು ಹಿಡಿಯುತ್ತಾರೆ. ಇನ್ನೊಬ್ಬರು ಮಕ್ಕಳನ್ನು ಮಲಗಿಸಿ ವೀಣೆಯ ಮುಂದೆ ಕೂರುತ್ತಾರೆ. ಅವರೆಲ್ಲರನ್ನೂ ಕಾಡುವ ಪ್ರಶ್ನೆ ಒಂದೇ: ಕಲಿತದ್ದನ್ನು ಉಳಿಸಿಕೊಳ್ಳುವುದು ಹೇಗೆ?

ತಂತಿಯೂ ತೊಗಲೂ

ಗಿಟಾರಿನ ಉಕ್ಕಿನ ತಂತಿಗಳಲ್ಲಿ ಅತ್ಯಂತ ತೆಳುವಾದುದರ ದಪ್ಪ ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು. ಶ್ರುತಿ ಮಾಡಿದ ಆರು ತಂತಿಗಳ ಒಟ್ಟು ಬಿಗಿತ ಸುಮಾರು 70 ಕಿಲೋಗ್ರಾಂ ಭಾರಕ್ಕೆ ಸಮ. ಇಷ್ಟು ಬಿಗಿದ, ಇಷ್ಟು ಸಣ್ಣ ತಂತಿಯನ್ನು ಬೆರಳ ತುದಿಯಿಂದ ಮೆಟ್ಟುಗಳ ನಡುವೆ ಒತ್ತಿ ಹಿಡಿಯಬೇಕು. ಹೊಸಬರ ಬೆರಳು ಮೊದಲ ವಾರದಲ್ಲಿಯೇ ಉರಿಯತೊಡಗುತ್ತದೆ. ಆಸೆಯಿಂದ ಗಿಟಾರ್ ಕೊಂಡ ಎಷ್ಟೋ ಮಂದಿ ಅದನ್ನು ಮೂಲೆಗಿಡುವುದು ಈ ಉರಿಯ ಕಾಲದಲ್ಲಿಯೇ.

ಒತ್ತಡ ಮಿತವಾಗಿ, ಮತ್ತೆ ಮತ್ತೆ ಬಿದ್ದಾಗ ಚರ್ಮವು ತನ್ನ ಹೊರಪದರವನ್ನು ದಪ್ಪಗೊಳಿಸಿಕೊಳ್ಳುತ್ತದೆ. ನಮ್ಮ ಉಗುರು, ಕೂದಲುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವೇ ಇಲ್ಲಿಯೂ ಕವಚವಾಗುತ್ತದೆ. ಆದರೆ ಅದೇ ಒತ್ತಡ, ಅದೇ ಉಜ್ಜಾಟ ಒಮ್ಮೆಗೇ ಅತಿಯಾದರೆ ಪದರಗಳು ಒಂದರಿಂದೊಂದು ಬೇರೆಯಾಗಿ, ನಡುವೆ ನೀರು ತುಂಬಿ ಬೊಬ್ಬೆ ಏಳುತ್ತದೆ. ಜಡ್ಡಿಗೂ ಬೊಬ್ಬೆಗೂ ಕಾರಣ ಒಂದೇ, ಭೇದವಿರುವುದು ಪ್ರಮಾಣದಲ್ಲಿ.

ಬಂದ ಜಡ್ಡು ಶಾಶ್ವತವೂ ಅಲ್ಲ. ಮೇಲ್ಚರ್ಮವು ಸುಮಾರು ಒಂದರಿಂದ ಒಂದೂವರೆ ತಿಂಗಳಲ್ಲಿ ತನ್ನನ್ನು ತಾನೇ ಹೊಸದಾಗಿ ಮಾಡಿಕೊಳ್ಳುತ್ತದೆ. ನುಡಿಸುವುದನ್ನು ನಿಲ್ಲಿಸಿದರೆ ಹಳೆಯ ಪದರ ಸದ್ದಿಲ್ಲದೆ ಉದುರಿಹೋಗುತ್ತದೆ. ನಮ್ಮ ಸೋದರತ್ತೆ ಮೈಸೂರಿನಲ್ಲಿ ವೀಣೆ ನುಡಿಸುತ್ತಿದ್ದರು. ಅವರ ಎಡಗೈಯ ಎರಡು ಬೆರಳುಗಳ ಮೇಲೆ ತಂತಿಯ ಗೆರೆ ಕಪ್ಪಾಗಿ ಮೂಡಿತ್ತು. ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲನ್ನಿಟ್ಟುಕೊಂಡು ಬೆರಳನ್ನು ಆಗಾಗ ಅದಕ್ಕೆ ಸೋಕಿಸುತ್ತಿದ್ದರು. “ಈ ಗೆರೆ ಅಳಿಸಿಹೋದ ದಿನ ನಾನು ವೀಣೆ ಬಿಟ್ಟೆ ಅಂತ ತಿಳ್ಕೋ” ಎನ್ನುತ್ತಿದ್ದ ಅವರ ಮಾತು ಆಗ ನನಗೆ ಅರ್ಥವಾಗಿರಲಿಲ್ಲ.

ಯಂತ್ರ ಒಪ್ಪಿದ ದಿನ

ಕಳೆದ ವರ್ಷ ಆಗಸ್ಟಿನಲ್ಲಿ ನನ್ನ ತಾಯಿಯವರಿಗೆ ಪಾರ್ಶ್ವವಾಯು ಬಡಿಯಿತು. ಪ್ರಾಣಕ್ಕೆ ಅಪಾಯವಾಗಲಿಲ್ಲ, ಬಲಗೈ ಮಾತ್ರ ಸೋತುಹೋಯಿತು. ಆಸ್ಪತ್ರೆ, ಔಷಧಿ, ಮನೆ, ಇವುಗಳ ನಡುವೆ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು. ಗಿಟಾರ್ ಪೆಟ್ಟಿಗೆ ಸೇರಿ ಬೀರುವಿನ ಮೇಲೆ ಏರಿತು. ಹೀಗೆ ಒಂಬತ್ತು ವಾರಗಳು ಕಳೆದವು.

ಅಕ್ಟೋಬರಿನ ಒಂದು ಬೆಳಿಗ್ಗೆ ಯಂತ್ರದ ಮೇಲೆ ಬೆರಳಿಟ್ಟೆ. ಮೊದಲ ಸ್ಪರ್ಶಕ್ಕೇ ಹಸಿರು ದೀಪ ಹತ್ತಿತು. “ಇವತ್ತು ಒಂದೇ ಸಲಕ್ಕೆ ಆಯ್ತಲ್ಲ ಸಾರ್!” ಎಂದು ಗುಮಾಸ್ತರು ಸಂತೋಷಪಟ್ಟರು. ನಾನು ಹೆಬ್ಬೆರಳಿನಿಂದ ತೋರುಬೆರಳ ತುದಿಯನ್ನು ಸವರಿ ನೋಡಿಕೊಂಡೆ. ಹಸುಗೂಸಿನ ಕೆನ್ನೆಯಂತೆ ಮೆತ್ತಗಿತ್ತು. ಯಾರೂ ಕದಿಯಲಾರರೆಂದು ತಿಳಿದಿದ್ದ ಗಂಟು ನಾನು ನೋಡುತ್ತಿದ್ದಂತೆಯೇ ಕರಗಿಹೋಗಿತ್ತು.

ನವೆಂಬರ್ 1ರಂದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳ ಭಾವಗೀತೆಗಳಿಗೆ ನುಡಿಸುವುದಾಗಿ ನಾನು ಮಾತು ಕೊಟ್ಟಿದ್ದೆ. ಅಂದೇ ರಾತ್ರಿ ಗಿಟಾರನ್ನು ಕೆಳಗಿಳಿಸಿ ಎರಡು ಗಂಟೆ ನುಡಿಸಿದೆ. ಮರುದಿನವೂ ಎರಡು ಗಂಟೆ, ಅದರ ಮರುದಿನವೂ. ನಾಲ್ಕನೆಯ ರಾತ್ರಿ ಎರಡು ಬೆರಳುಗಳಲ್ಲಿ ಬೊಬ್ಬೆ ಎದ್ದಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಸೆಳೆತ ಹಿಡಿಯಿತು. ವೈದ್ಯರು ಪರೀಕ್ಷಿಸಿ, ಎರಡು ವಾರ ತಂತಿಯನ್ನು ಮುಟ್ಟಕೂಡದೆಂದರು. ಕಾರ್ಯಕ್ರಮ ಹಾರ್ಮೋನಿಯಂನೊಡನೆ ನಡೆಯಿತು. ನಾನು ಸಭೆಯ ಕೊನೆಯ ಸಾಲಿನಲ್ಲಿ ಕೂತಿದ್ದೆ. ಹುಡುಗರು ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಅಮ್ಮನ ಚುಕ್ಕಿಗಳು

ಇದೇ ದಿನಗಳಲ್ಲಿ ಮನೆಯಲ್ಲಿ ಇನ್ನೊಂದು ಅಭ್ಯಾಸ ನಡೆದಿತ್ತು. ತಾಯಿಯವರ ಕೈಗೆ ವ್ಯಾಯಾಮ ಕಲಿಸಲು ಫಿಸಿಯೋಥೆರಪಿಯ ತರುಣಿಯೊಬ್ಬಳು ಬರುತ್ತಿದ್ದಳು. ಮೆತ್ತನೆಯ ಚೆಂಡನ್ನು ಹಿಸುಕುವುದು; ಒಂದು ಬಟ್ಟಲಿನ ಅವರೆಕಾಳನ್ನು ಒಂದೊಂದಾಗಿ ಇನ್ನೊಂದು ಬಟ್ಟಲಿಗೆ ಹಾಕುವುದು. “ಹತ್ತು ನಿಮಿಷ, ದಿನಕ್ಕೆ ಮೂರು ಸಲ. ಸುಸ್ತಾದರೆ ನಿಲ್ಲಿಸಿ ಅಮ್ಮ. ಆದರೆ ಒಂದು ದಿನಾನೂ ಬಿಡಬೇಡಿ,” ಇಷ್ಟೇ ಅವಳ ಉಪದೇಶ.

ನಮ್ಮ ಬೀದಿಯಲ್ಲಿ ತಾಯಿಯವರ ರಂಗೋಲಿಗೆ ಹೆಸರಿತ್ತು. ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಒಮ್ಮೆಯೂ ಕೈ ತಡೆಯದೆ ಎಳೆಯುತ್ತಿದ್ದವರು, ಈಗ ತಟ್ಟೆಯೊಂದರಲ್ಲಿ ಒಂದು ಚಿಟಿಕೆ ಪುಡಿಯನ್ನು ಚುಕ್ಕಿಯಾಗಿ ಇಡಲು ಹೆಣಗುತ್ತಿದ್ದರು. ಬೆರಳಿಗೆ ಪಟ್ಟಿ ಕಟ್ಟಿಕೊಂಡು ಎದುರಿಗೆ ಕೂತಿದ್ದ ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿ, ನಿಧಾನವಾಗಿ ಹೇಳಿದರು: “ನೀನು ಒಂದೇ ರಾತ್ರೀಲಿ ಬೀದಿಯೆಲ್ಲ ರಂಗೋಲಿ ಹಾಕೋಕೆ ಹೋದೆ ಕಣಪ್ಪ. ನಾನು ಇನ್ನೂ ಚುಕ್ಕಿ ಇಡ್ತಿದೀನಿ.”

ಆ ಮಾತು ನನ್ನನ್ನು ಪುಸ್ತಕಗಳ ಕಡೆಗೆ ತಿರುಗಿಸಿತು. 1995ರಲ್ಲಿ ಜರ್ಮನಿಯ ವಿಜ್ಞಾನಿ ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು ತಂತಿವಾದ್ಯ ನುಡಿಸುವ ಒಂಬತ್ತು ಮಂದಿಯ ಮೆದುಳನ್ನು ಪರೀಕ್ಷಿಸಿದರು. ಅವರಲ್ಲಿ ಒಬ್ಬರು ಗಿಟಾರ್ ವಾದಕರು. ಎಡಗೈಯ ಬೆರಳುಗಳ ಸ್ಪರ್ಶಕ್ಕೆ ಮೆದುಳಿನಲ್ಲಿ ಮೀಸಲಾದ ಜಾಗ, ವಾದ್ಯ ನುಡಿಸದವರಿಗಿಂತ ಇವರಲ್ಲಿ ಹೆಚ್ಚು ವಿಸ್ತಾರವಾಗಿತ್ತು. ಆ ಅಧ್ಯಯನದಲ್ಲಿ ಪಾಲುಗೊಂಡಿದ್ದ ಅಮೆರಿಕದ ಎಡ್ವರ್ಡ್ ಟೌಬ್ ಅವರೇ, ಪಾರ್ಶ್ವವಾಯು ಪೀಡಿತರ ಒಳ್ಳೆಯ ಕೈಯನ್ನು ಕಟ್ಟಿಟ್ಟು, ಸೋತ ಕೈಯಿಂದಲೇ ಮತ್ತೆ ಮತ್ತೆ ಕೆಲಸ ಮಾಡಿಸುವ ಚಿಕಿತ್ಸೆಯನ್ನು ರೂಪಿಸಿದವರು. ನನ್ನ ಗಿಟಾರೂ ಅಮ್ಮನ ಅವರೆಕಾಳೂ ಒಂದೇ ಶಾಸ್ತ್ರದ ಎರಡು ಅಧ್ಯಾಯಗಳೆಂದು ಅಂದು ತಿಳಿಯಿತು. ಬೆರಳಿಗೆ ಮೆದುಳಿನಲ್ಲಿ ಸ್ಥಾನ ದೊರಕಿಸಿಕೊಡುವುದು ಬಳಕೆಯೊಂದೇ.

ಇದಕ್ಕೆ ಗಿಟಾರಿನ ಚರಿತ್ರೆಯಲ್ಲಿಯೂ ಸಾಕ್ಷಿಯಿದೆ. ಜಾಂಗೋ ರೈನ್‌ಹಾರ್ಟ್ (1910–1953) ಎಂಬ ಪ್ರಸಿದ್ಧ ವಾದಕನ ವಾಸದ ಬಂಡಿಗೆ 1928ರಲ್ಲಿ ಬೆಂಕಿ ಬಿದ್ದು, ಅವನ ಎಡಗೈಯ ಉಂಗುರಬೆರಳೂ ಕಿರುಬೆರಳೂ ಹೆಚ್ಚುಕಡಿಮೆ ಕೆಲಸಕ್ಕೆ ಬಾರದಂತಾದವು. ಅವನು ಉಳಿದ ಎರಡು ಬೆರಳುಗಳನ್ನೇ ನಂಬಿ, ಹೊಸದೊಂದು ಕ್ರಮವನ್ನು ಕಲಿತು, ಯೂರೋಪಿನ ಜಾಝ್ ಸಂಗೀತದಲ್ಲಿ ಅಗ್ರಗಣ್ಯನಾದ.

ದಿನಕ್ಕೆ ಇಪ್ಪತ್ತು ನಿಮಿಷ

ವೈದ್ಯರ ಗಡುವು ಮುಗಿದ ಮೇಲೆ ನಾನು ಅಮ್ಮನ ಕ್ರಮವನ್ನೇ ಅನುಸರಿಸಿದೆ. ದಿನಕ್ಕೆ ಇಪ್ಪತ್ತು ನಿಮಿಷ; ಹೆಚ್ಚಿಲ್ಲ, ತಪ್ಪಿಸುವುದಿಲ್ಲ. ಮೊದಲ ಐದು ನಿಮಿಷ, ನಿಮಿಷಕ್ಕೆ 60ರ ಲಯದಲ್ಲಿ, ನಾಲ್ಕು ಬೆರಳುಗಳಿಗೂ ಒಂದೊಂದು ಸ್ವರ. ನಂತರದ ಹತ್ತು ನಿಮಿಷ, ತೊಡಕಾಗಿರುವ ಒಂದೆರಡು ಸಾಲು ಮಾತ್ರ. ಕೊನೆಯ ಐದು ನಿಮಿಷ, ಮನಸ್ಸಿಗೆ ಬಂದ ಹಾಡು. ಈ ಕೊನೆಯ ಭಾಗವನ್ನು ಬಿಡಬಾರದು; ಮರುದಿನ ನಮ್ಮನ್ನು ಮತ್ತೆ ಕರೆತರುವುದು ಅದೇ.

ಒತ್ತುವುದರಲ್ಲಿಯೂ ಮಿತವಿರಬೇಕು. ಬೆರಳನ್ನು ಲೋಹದ ಮೆಟ್ಟಿನ ಬೆನ್ನಿಗೇ ಇಟ್ಟರೆ ಸ್ವಲ್ಪ ಬಲವೇ ಸಾಕು. ಸ್ವರ ನುಡಿಯುತ್ತಿರುವಾಗ ಒತ್ತಡವನ್ನು ಮೆಲ್ಲಗೆ ಸಡಿಲಿಸುತ್ತ ಹೋಗಿ. ತಂತಿ ಎಲ್ಲಿ ಗರಗರ ಎನ್ನುತ್ತದೆಯೋ ಅಲ್ಲಿಂದ ಒಂದಿಷ್ಟೇ ಹೆಚ್ಚು ಒತ್ತಿದರೆ ಅದೇ ಸರಿಯಾದ ಅಳತೆ. ನಮ್ಮಲ್ಲಿ ಹೆಚ್ಚಿನವರು ಅದರ ಎರಡರಷ್ಟು ಒತ್ತಿ ಕೈ ನೋಯಿಸಿಕೊಳ್ಳುತ್ತೇವೆ. ಎಡಗೈಯ ಉಗುರು ಗಿಡ್ಡವಾಗಿರಲಿ. ಸ್ನಾನ ಮಾಡಿದ ಅಥವಾ ಪಾತ್ರೆ ತೊಳೆದ ಕೂಡಲೇ ಚರ್ಮ ನೆನೆದು ಮೆತ್ತಗಾಗಿರುತ್ತದೆ. ಆಗ ತಂತಿ ಮುಟ್ಟಬೇಡಿ. ಜಡ್ಡನ್ನು ಚಿವುಟಬೇಡಿ, ಬೊಬ್ಬೆಯನ್ನು ಒಡೆಯಬೇಡಿ. ತೊಗಲಿನ ಉರಿಯನ್ನು ಸಹಿಸಬಹುದು; ಕೀಲು, ನರಗಳ ಸೆಳೆತವನ್ನು ಸಹಿಸಬಾರದು. ಉಕ್ಕಿನ ತಂತಿ ಒಗ್ಗದವರಿಗೆ ನೈಲಾನ್ ತಂತಿಯ ಗಿಟಾರಿದೆ. ಅದರ ಬಿಗಿತ ಬಹಳ ಕಡಿಮೆ.

ಮುಖ್ಯವಾಗಿ, ವಾದ್ಯವನ್ನು ಪೆಟ್ಟಿಗೆಯಲ್ಲಿ ಅಡಗಿಸದೆ ಕೈಗೆ ಸಿಗುವಲ್ಲಿ ಇಡಿ. ಪ್ರಯಾಣ, ಕಾಯಿಲೆಗಳಿಂದ ಅಭ್ಯಾಸ ತಪ್ಪಿದರೂ ಎದೆಗುಂದಬೇಕಿಲ್ಲ. ಮರೆತದ್ದನ್ನು ಮತ್ತೆ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕೆಂದು ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ 1885ರಷ್ಟು ಹಿಂದೆಯೇ ತೋರಿಸಿದ್ದಾನೆ. ‘ಹಾಡುತ್ತಾ ಹಾಡುತ್ತಾ ರಾಗ’ ಎಂದು ನಮ್ಮ ಹಿರಿಯರು ಹೇಳಿದ್ದೂ ಸುಮ್ಮನೆ ಅಲ್ಲ. ಆ ಗಾದೆಯ ಉಳಿದರ್ಧ ‘ನರಳುತ್ತಾ ನರಳುತ್ತಾ ರೋಗ’ ಎಂಬುದನ್ನು ನಾನು ಅಕ್ಟೋಬರಿನ ಆ ನಾಲ್ಕು ರಾತ್ರಿಗಳಲ್ಲಿ ಕಲಿತೆ.

ಜಡ್ಡು ಎಂಬ ಮಾತಿಗೆ ನಮ್ಮ ನುಡಿಯಲ್ಲಿ ರೋಗವೆಂಬ ಅರ್ಥವೂ ಉಂಟು, ಒರಟಾದ ತೊಗಲೆಂಬ ಅರ್ಥವೂ ಉಂಟು. ಒಂದೇ ವರ್ಷದಲ್ಲಿ ನಮ್ಮ ಮನೆಯವರು ಎರಡನ್ನೂ ಕಂಡೆವು. ಈ ಸಂಕ್ರಾಂತಿಯ ಬೆಳಿಗ್ಗೆ ತಾಯಿಯವರು ಬಾಗಿಲ ಮುಂದೆ ಮಣೆಯ ಮೇಲೆ ಕೂತು ಐದು ಚುಕ್ಕಿಯ ರಂಗೋಲಿ ಹಾಕಿದರು. ಗೆರೆ ಎರಡು ಕಡೆ ಸೊಟ್ಟಗಾಗಿತ್ತು. ನನ್ನ ಹೆಂಡತಿ ತಿದ್ದಲು ಬಗ್ಗಿದಾಗ, “ಇರಲಿ ಬಿಡಮ್ಮ, ನಾಳೆ ನಾನೇ ನೆಟ್ಟಗೆ ಹಾಕ್ತೀನಿ” ಎಂದರು.

ಹಬ್ಬದ ಮರುದಿನ ಕಾಲೇಜಿನ ಯಂತ್ರ ನನ್ನ ಬೆರಳನ್ನು ಮೂರು ಬಾರಿ ತಿರಸ್ಕರಿಸಿತು. ಗುಮಾಸ್ತರು ನಿಟ್ಟುಸಿರುಬಿಟ್ಟು, “ಬಲಗೈ ಹೆಬ್ಬೆರಳು ಕೊಡಿ ಸಾರ್, ಹೊಸದಾಗಿ ದಾಖಲು ಮಾಡ್ಕೋತೀನಿ” ಎಂದರು. ನಾನು ಪುಸ್ತಕದ ಚೀಲವನ್ನು ಸಂತೋಷದಿಂದ ಎಡಗೈಗೆ ಬದಲಾಯಿಸಿಕೊಂಡೆ.