ಕಾಯಲಾರದ ನಾಯಿಗೆ ಅಭಯ

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯ ಸುತ್ತಿನ ಭತ್ತ, ಕಬ್ಬಿನ ಸೀಮೆಯಲ್ಲಿ ನಾಯಿಯೆಂದರೆ ಕಾವಲು. ಗದ್ದೆ, ಕೊಟ್ಟಿಗೆ, ಅಂಗಳ ಎಲ್ಲದರ ಮೇಲೂ ಅದರ ಕಣ್ಣು. ಏಳೆಂಟು ವರ್ಷ ಕಳೆದ ಮೇಲೆ ಆ ಕಣ್ಣಿಗೇ ಪೊರೆ ಬರುತ್ತದೆ. ಕಿವಿ ಮಂದವಾಗುತ್ತದೆ, ಕೀಲುಗಳು ನೋಯುತ್ತವೆ. ಕಾಯುವ ಶಕ್ತಿ ಕುಂದಿದ ನಾಯಿಯನ್ನು ದೂರದ ರಸ್ತೆಯಲ್ಲಿ ಬಿಟ್ಟುಬರುವವರು ಹಳ್ಳಿಯಲ್ಲೂ ಇದ್ದಾರೆ, ನಗರದಲ್ಲೂ ಇದ್ದಾರೆ. ಅಂಥ ಮುದಿ ಜೀವವನ್ನು ಕರೆತಂದು ಮನೆಯಲ್ಲಿರಿಸಿಕೊಳ್ಳುವುದು ಧರ್ಮದ ದೃಷ್ಟಿಯಲ್ಲಿ ಎಂಥ ಕಾರ್ಯ?

ಮಂಡ್ಯ ಜಿಲ್ಲೆಗೆ ನಾಯಿಯನ್ನು ಗೌರವಿಸಿದ ದೊಡ್ಡ ಪರಂಪರೆಯೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949–50ರ ಶಾಸನ ಅದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗ ದೊರೆ ಇಮ್ಮಡಿ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಮಡಿದವು. ಮಣಲೇರನು ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಬಿಟ್ಟನು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿಗೆ ಸಂದ ಗೌರವ ಅದರ ಶೌರ್ಯಕ್ಕೆ ಸಂದದ್ದು. ಜಿನಧರ್ಮ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಭಾಸ್ಕರ ಕವಿಯು 1424ರಲ್ಲಿ ಕನ್ನಡಕ್ಕೆ ತಂದ ಜೀವಂಧರನ ಕಥೆಯಲ್ಲಿ ಬರುವ ನಾಯಿ ಯಾರನ್ನೂ ಕಾಯಲಿಲ್ಲ, ಯಾರನ್ನೂ ಗೆಲ್ಲಲಿಲ್ಲ. ಆಹಾರವನ್ನು ಮುಟ್ಟಿತೆಂಬ ಕಾರಣಕ್ಕೆ ಪೆಟ್ಟು ತಿಂದು ಸಾಯುತ್ತ ಬಿದ್ದಿತ್ತು. ಅದು ಬದುಕಲಾರದೆಂದು ತಿಳಿದ ರಾಜಕುಮಾರ ಜೀವಂಧರ ಅಲ್ಲಿಂದ ಹೊರಟುಹೋಗಲಿಲ್ಲ. ಪಕ್ಕದಲ್ಲಿ ಕುಳಿತು ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದನು. ಅದನ್ನು ಕೇಳುತ್ತ ಪ್ರಾಣಬಿಟ್ಟ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತೆಂದು ಕಥೆ ಹೇಳುತ್ತದೆ. ಯಕ್ಷನು ಮುಂದೆ ಉಪಕಾರ ಸ್ಮರಿಸಿ ಬಂದನೆಂಬುದು ನಿಜ. ಆದರೆ ಮಂತ್ರ ಹೇಳುವಾಗ ಜೀವಂಧರನಿಗೆ ಅದರ ನಿರೀಕ್ಷೆ ಇರಲಿಲ್ಲ. ಪ್ರತಿಫಲ ಬಯಸದ ಕರುಣೆಯೆಂದರೆ ಇದೇ.

ನಾಯಿ ಮನಸ್ಸುಳ್ಳ ಪಂಚೇಂದ್ರಿಯ ಜೀವ. ತನ್ನನ್ನು ತೊರೆದವರ ದಾರಿ ಕಾಯುವುದು ಅದಕ್ಕೆ ತಿಳಿದಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಮುದಿ ನಾಯಿಯನ್ನು ಅಪರಿಚಿತ ಬೀದಿಯಲ್ಲಿ ಬಿಡುವವನು ಅದನ್ನು ಹೊಡೆದಿರಲಿಕ್ಕಿಲ್ಲ; ಅನ್ನನೀರನ್ನಂತೂ ತಡೆದಿದ್ದಾನೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಸಕಾರಣವಿಲ್ಲದೆ ಹೀಗೆ ತೊರೆಯುವುದನ್ನು ಅಪರಾಧವೆಂದೇ ಎಣಿಸುತ್ತದೆ.

ತೊರೆಯುವುದು ದೋಷವಾದರೆ, ತೊರೆದುದನ್ನು ಸ್ವೀಕರಿಸುವುದು ದಾನ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಮೊದಲ ಮೂರೂ ಈ ಒಂದು ಕಾರ್ಯದಲ್ಲಿ ಕೂಡಿಬರುತ್ತವೆ. ರಕ್ಷಿಸಿದ ಪ್ರಾಣಿಗಳಿಗೆ ಮನೆ ಹುಡುಕುವ ಸಂಸ್ಥೆಗಳು ಬೆಂಗಳೂರಿನಂಥ ನಗರಗಳಲ್ಲಿವೆ. ಅಲ್ಲಿಗೆ ಬರುವವರ ಕಣ್ಣು ಮೊದಲು ಹೋಗುವುದು ಮರಿಗಳ ಕಡೆಗೆ. ಮೂಲೆಯಲ್ಲಿ ಮಲಗಿದ ನರೆಮೂತಿಯ ನಾಯಿಯ ಮುಂದೆ ನಿಲ್ಲುವವನೇ ದಾನಿ.

ಈ ದಾನಕ್ಕೆ ತಾಳ್ಮೆ ಬೇಕು. ಹೊಸ ಮನೆಗೆ ಬಂದ ಮುದಿ ನಾಯಿ ಮೊದಲ ಕೆಲವು ದಿನ ಉಣ್ಣದೆ ಬಾಗಿಲನ್ನೇ ನೋಡುತ್ತ ಕೂರಬಹುದು. ಅದನ್ನು ಬಲವಂತಪಡಿಸಬಾರದು. ಜಾರದ ನೆಲದ ಮೇಲೆ ಮೆತ್ತನೆಯ ಹಾಸಿಗೆ, ಕೈಗೆಟಕುವಂತೆ ನೀರು, ಸ್ವಲ್ಪಸ್ವಲ್ಪವಾಗಿ ಮೆದುವಾದ ಊಟ, ಪಶುವೈದ್ಯರ ತಪಾಸಣೆ, ರೇಬಿಸ್ ಲಸಿಕೆ ಇಷ್ಟು ಅಗತ್ಯ. ಕಣ್ಣು ಕಾಣದ ನಾಯಿಯಿದ್ದರೆ ಮನೆಯ ಸಾಮಾನುಗಳ ಸ್ಥಳವನ್ನು ಪದೇ ಪದೇ ಬದಲಿಸಬಾರದು.

ಒಂದು ಜೀವವನ್ನು ಸಾಕಲು ಇನ್ನೊಂದು ಜೀವಕ್ಕೆ ಹಿಂಸೆ ಮಾಡಬೇಕಲ್ಲವೇ ಎಂಬ ಸಂದೇಹ ಶ್ರಾವಕರಿಗೆ ಸಹಜ. ನಾಯಿಯ ಜಠರ ಅನ್ನ, ಬೇಳೆಗಳನ್ನೂ ಜೀರ್ಣಿಸಿಕೊಳ್ಳಬಲ್ಲದು. ಪಶುವೈದ್ಯರ ಸಲಹೆಯಂತೆ ಪೋಷಕಾಂಶಗಳನ್ನು ಹೊಂದಿಸಿದರೆ ಸಸ್ಯಾಹಾರದಲ್ಲೇ ಅದನ್ನು ಸಾಕಲು ಸಾಧ್ಯ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷಸಮಾನ. ಅವುಗಳನ್ನು ವರ್ಜಿಸಿದ ಜೈನರ ಅಡುಗೆಮನೆ ಈ ವಿಷಯದಲ್ಲಿ ಅದಕ್ಕೂ ಕ್ಷೇಮ. ದ್ರಾಕ್ಷಿ, ಚಾಕೊಲೇಟ್ ಕೂಡ ಕೊಡಬಾರದು.

ಮುದಿ ನಾಯಿಯನ್ನು ತಂದವರಿಗೆ ಅಗಲಿಕೆ ಬೇಗ ಎದುರಾಗುತ್ತದೆ. ಒಂದೆರಡು ವರ್ಷಕ್ಕಾಗಿ ಇಷ್ಟು ಮೋಹವೇಕೆಂದು ಹಿಂಜರಿಯುವವರುಂಟು. ಇದು ಮೋಹಕ್ಕಿಂತ ಹೆಚ್ಚಾಗಿ ಕಾರುಣ್ಯ ಭಾವನೆಯ ಅಭ್ಯಾಸ. ಜನ್ನನ ಯಶೋಧರ ಚರಿತೆಯಲ್ಲಿ ರಾಜಮಾತೆ ಚಂದ್ರಮತಿ ನಾಯಿಯಾಗಿ ಹುಟ್ಟಿ ತನ್ನ ಮೊಮ್ಮಗನ ಅರಮನೆಯನ್ನೇ ಸೇರುತ್ತಾಳೆ. ಅವಳ ಗುರುತು ಅಲ್ಲಿ ಯಾರಿಗೂ ಹತ್ತುವುದಿಲ್ಲ. ನಮ್ಮ ಬಾಗಿಲಿಗೆ ಬಂದ ಜೀವದ ಹಿಂದಿನ ಭವವನ್ನೂ ನಾವು ಅರಿಯೆವು. ಅರಿಯಬೇಕಾದ ಅಗತ್ಯವೂ ಇಲ್ಲ. ಅದು ಹಸಿದಿದೆ, ಮುದಿಯಾಗಿದೆ, ಹೆದರಿದೆ ಎಂಬುದಷ್ಟು ತಿಳಿದರೆ ಸಾಕು. ಅದರ ಕೊನೆಯ ದಿನ ಪಕ್ಕದಲ್ಲಿ ಕುಳಿತು ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳುವ ಒಂದು ಮನೆ ಅದಕ್ಕಿರಲಿ.