ಮೀನುಗಾಳದ ರೀಲ್: ಬೇರಿಂಗ್‌ಗೆ ಕೀಲೆಣ್ಣೆ ಹಾಕುವ ಸರಿಯಾದ ಕ್ರಮ

ಅಳಿವೆಗಳಲ್ಲಿ, ಕಡಲತೀರದಲ್ಲಿ ಹಾಗೂ ಅಲೆ ತಡೆಗೋಡೆಗಳ ಮೇಲೆ ಗಾಳ ಹಾಕುವವರು ಇಂದು ರೀಲ್ ಅಳವಡಿಸಿದ ಕೋಲನ್ನು ಬಳಸುವುದು ಸಾಮಾನ್ಯವಾಗಿದೆ. ಕೆಲವರಿಗೆ ಇದು ಹವ್ಯಾಸ. ಇನ್ನು ಕೆಲವರಿಗೆ ಅಂದಿನ ಅಡುಗೆಗೆ ಅಥವಾ ಸಂತೆಗೆ ಬೇಕಾದ ಮೀನಿನ ದಾರಿ. ಇಂತಹ ರೀಲ್‌ಗಳು ಬೇಗನೆ ಹಾಳಾಗಲು ಮುಖ್ಯ ಕಾರಣ ಬೇರಿಂಗ್‌ನೊಳಗೆ ಉಳಿಯುವ ಉಪ್ಪು. ಆ ಉಪ್ಪನ್ನು ತೆಗೆಯದೆ ಎಷ್ಟೇ ಎಣ್ಣೆ ಹಾಕಿದರೂ ಪ್ರಯೋಜನವಾಗದು.

ತುಕ್ಕು ಹಿಡಿಯುವ ಬಗೆ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನೀರು ಆರಿದ ಮೇಲೂ ಲವಣ ಒಳಗೇ ಉಳಿದು, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಸ್ಟೇನ್‌ಲೆಸ್ ಉಕ್ಕಿನ ಬೇರಿಂಗ್‌ಗೂ ಇದರಿಂದ ತುಕ್ಕು ತಗಲುತ್ತದೆ. ಗುಂಡುಗಳ ಮೇಲೆ ಸಣ್ಣ ಗುಳಿಗಳು ಬಿದ್ದರೆ ಹಿಡಿಕೆ ತಿರುಗಿಸುವಾಗ ಕರಕರ ಶಬ್ದ ಕೇಳುತ್ತದೆ. ಆ ಹಂತದಲ್ಲಿಯೂ ನಿರ್ಲಕ್ಷಿಸಿದರೆ ಹಲ್ಲುಚಕ್ರಗಳು ಸವೆದು, ಸಣ್ಣ ಬೇರಿಂಗ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ರೀಲನ್ನೇ ಬದಲಿಸಬೇಕಾಗುತ್ತದೆ.

ಶುಚಿಗೊಳಿಸುವ ವಿಧಾನ

ಪ್ರತಿ ಬಳಕೆಯ ನಂತರ ಡ್ರ್ಯಾಗ್ ತಿರುಪನ್ನು ಬಿಗಿಗೊಳಿಸಿ, ಸಿಹಿನೀರನ್ನು ಮೆಲ್ಲನೆ ಸುರಿದು ರೀಲನ್ನು ತೊಳೆಯಬೇಕು. ರಭಸದ ನೀರು ಉಪ್ಪನ್ನು ಇನ್ನಷ್ಟು ಒಳಕ್ಕೆ ತಳ್ಳುವುದರಿಂದ ಪೈಪಿನಿಂದ ನೀರು ಚಿಮ್ಮಿಸಬಾರದು. ಒಣಗಿದ ಬಳಿಕ ಡ್ರ್ಯಾಗನ್ನು ಸಡಿಲಿಸಿ ಇಡಬೇಕು.

ಸರ್ವಿಸ್ ಸಮಯದಲ್ಲಿ ಬಿಚ್ಚಿದ ಭಾಗಗಳನ್ನು ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸಿಡುವುದು ಸೂಕ್ತ. ಲೋಹದ ಮುಚ್ಚಳವುಳ್ಳ ಬೇರಿಂಗನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಅಲುಗಾಡಿಸಿ, ಹಳೆಯ ಎಣ್ಣೆ ಹಾಗೂ ಕೊಳೆಯನ್ನು ಹೊರತೆಗೆದು ಪೂರ್ಣವಾಗಿ ಒಣಗಿಸಬೇಕು. ರಬ್ಬರ್ ಮುಚ್ಚಳವುಳ್ಳವನ್ನು ಅದ್ದದೆ, ಹೊರಭಾಗವನ್ನಷ್ಟೇ ಒರೆಸಬೇಕು. ಈ ದ್ರವವು ಬೇಗನೆ ಹೊತ್ತಿಕೊಳ್ಳುವುದರಿಂದ ಒಲೆ, ದೀಪಗಳಿಂದ ದೂರವಿದ್ದು ಕೆಲಸ ಮಾಡಬೇಕು. ಬಳಸಿದ ದ್ರವವನ್ನು ಹೊಳೆಗಾಗಲಿ ಬಾವಿಯ ಬಳಿಗಾಗಲಿ ಸುರಿಯಬಾರದು.

ಎಣ್ಣೆಯ ಪ್ರಮಾಣ

ಒಣಗಿದ ಬೇರಿಂಗ್‌ಗೆ ರೀಲ್‌ಗೆಂದೇ ದೊರೆಯುವ ತೆಳುವಾದ ಎಣ್ಣೆಯ ಒಂದು ಅಥವಾ ಎರಡು ಹನಿ ಸಾಕು. ಗುಂಡುಗಳ ಮೇಲೆ ತೆಳುಪೊರೆ ಉಂಟಾದರೆ ಎಣ್ಣೆಯ ಕೆಲಸ ಮುಗಿಯಿತು. ಹೆಚ್ಚಾದ ಎಣ್ಣೆಗೆ ಮರಳಿನ ಪುಡಿ ಅಂಟಿಕೊಂಡು ಉಕ್ಕನ್ನು ಸವೆಸುತ್ತದೆ. ಆದುದರಿಂದ ಹೊರಗೆ ಒಸರಿದ್ದನ್ನು ಒರೆಸಬೇಕು. ಹಲ್ಲುಚಕ್ರಗಳಿಗೆ ಗ್ರೀಸ್ ಅಗತ್ಯ. ಹಿಡಿಕೆಯ ಪಕ್ಕದ ಬೇರಿಂಗ್‌ಗಳು ನಿಧಾನವಾಗಿ ತಿರುಗಿ ಭಾರ ಹೊರುವುದರಿಂದ ಅವುಗಳಿಗೂ ತೆಳುವಾದ ಗ್ರೀಸ್ ಬಳಸಬಹುದು. ದಾರ ಹಾಯುವ ರೋಲರ್‌ನ ಬೇರಿಂಗ್‌ಗೆ ಉಪ್ಪುನೀರು ಹೆಚ್ಚಾಗಿ ತಗಲುವುದರಿಂದ ಅದನ್ನು ಉಳಿದವುಗಳಿಗಿಂತ ಹೆಚ್ಚು ಬಾರಿ ಪರೀಕ್ಷಿಸಬೇಕು.

ಹಿಡಿಕೆ ಹಿಮ್ಮುಖವಾಗಿ ತಿರುಗದಂತೆ ತಡೆಯುವ ಬೇರಿಂಗ್‌ನ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಅದರೊಳಗಿನ ಉರುಳೆಗಳು ದಂಡವನ್ನು ಕಚ್ಚಿ ಹಿಡಿಯಬೇಕು. ಅಲ್ಲಿ ದಪ್ಪ ಗ್ರೀಸ್ ತುಂಬಿದರೆ ಹಿಡಿತ ತಪ್ಪಿ, ಮೀನು ಎಳೆದಾಗ ಹಿಡಿಕೆ ಹಿಂದಕ್ಕೆ ತಿರುಗಿ ಬೆರಳಿಗೆ ಪೆಟ್ಟಾಗಬಹುದು. ಅದಕ್ಕೆ ತೆಳು ಎಣ್ಣೆಯ ಲೇಪ ಮಾತ್ರ ಸಾಕು.

ಮನೆಯಲ್ಲಿ ಸುಲಭವಾಗಿ ಸಿಗುವುದೆಂದು ತೆಂಗಿನೆಣ್ಣೆ ಬಳಸುವುದು ಸರಿಯಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಚಳಿಗಾಲದ ಮುಂಜಾವಿನಲ್ಲಿ ರೀಲ್ ಬಿಗಿಯಾಗುತ್ತದೆ.

ಬದಲಿಸಬೇಕಾದ ಸಂದರ್ಭ

ತೊಳೆದು ಎಣ್ಣೆ ಹಾಕಿದ ಮೇಲೂ ಬೆರಳಿನಿಂದ ತಿರುಗಿಸಿದಾಗ ತಡೆ ಅಥವಾ ಒರಟುತನ ಕಂಡುಬಂದರೆ ಆ ಬೇರಿಂಗನ್ನು ಬದಲಿಸಬೇಕು. ಅಂಗಡಿಯಲ್ಲಿ ಅದರ ಒಳವ್ಯಾಸ, ಹೊರವ್ಯಾಸ ಮತ್ತು ಅಗಲವನ್ನು ಮಿಲಿಮೀಟರ್‌ನಲ್ಲಿ ತಿಳಿಸಿದರೆ ಸರಿಹೊಂದುವ ಬೇರಿಂಗ್ ಪಡೆಯಬಹುದು.

ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾದಾಗ ರೀಲ್‌ಗಳು ತಿಂಗಳುಗಟ್ಟಲೆ ಮೂಲೆಯಲ್ಲಿರುತ್ತವೆ. ಉಪ್ಪು ಉಳಿದ ರೀಲ್‌ಗೆ ತೇವದ ಆ ದಿನಗಳೇ ಹೆಚ್ಚು ಹಾನಿಕರ. ಆದಕಾರಣ ಸರ್ವಿಸ್ ಕಾರ್ಯವನ್ನು ಮಳೆಗಾಲ ಕಳೆದ ಮೇಲೆ ಮಾಡೋಣವೆಂದು ಮುಂದೂಡದೆ, ರೀಲನ್ನು ಎತ್ತಿಡುವ ಮುನ್ನವೇ ಪೂರೈಸುವುದು ಒಳಿತು.