ಮೈಕೆಲ್ ಕ್ಲೇಟನ್

ಮೈಕೆಲ್ ಕ್ಲೇಟನ್ (ಜನನ: ಅಕ್ಟೋಬರ್ 13, 1982) ಅಮೆರಿಕನ್ ಫುಟ್‌ಬಾಲ್‌ನ ಮಾಜಿ ವೃತ್ತಿಪರ ಆಟಗಾರ. ಇವರು ನ್ಯಾಷನಲ್ ಫುಟ್‌ಬಾಲ್ ಲೀಗ್‌ನ (ಎನ್‌ಎಫ್‌ಎಲ್) ಟ್ಯಾಂಪಾ ಬೇ ಬಕನಿಯರ್ಸ್ ತಂಡದಲ್ಲಿ 2004ರಿಂದ 2009ರವರೆಗೆ ವೈಡ್ ರಿಸೀವರ್ ಸ್ಥಾನದಲ್ಲಿ ಆಡಿದರು. ಮೊದಲ ಋತುವಿನಲ್ಲಿ 80 ಕ್ಯಾಚ್‌ಗಳಿಂದ 1,193 ಗಜ ಗಳಿಸಿ, ಆ ವರ್ಷ ಲೀಗ್ ಪ್ರವೇಶಿಸಿದ ಹೊಸ ಆಟಗಾರರೆಲ್ಲರಿಗಿಂತ ಮುಂದಿದ್ದರು. ಮರುವರ್ಷ ಅದು 32 ಕ್ಯಾಚ್ ಮತ್ತು 372 ಗಜಗಳಿಗೆ ಇಳಿಯಿತು. ಅನಂತರದ ಯಾವ ಋತುವಿನಲ್ಲಿಯೂ ಅವರು 500 ಗಜಗಳನ್ನು ತಲುಪಲಿಲ್ಲ. ಭರವಸೆಯ ರಿಸೀವರ್ ಒಬ್ಬರ ಪ್ರದರ್ಶನ ಏಕಾಏಕಿ ಕುಸಿಯುವುದು ಹೇಗೆ ಎಂಬ ಚರ್ಚೆಯಲ್ಲಿ ಇವರ ವೃತ್ತಿಜೀವನ ಒಂದು ಸ್ಪಷ್ಟ ಉದಾಹರಣೆ.

ಸ್ಥಾನದ ಸ್ವರೂಪ

ಅಮೆರಿಕನ್ ಫುಟ್‌ಬಾಲ್ ಭಾರತದಲ್ಲಿ ಫುಟ್‌ಬಾಲ್ ಎಂದು ಕರೆಯಲಾಗುವ ಆಟಕ್ಕಿಂತ ಬೇರೆಯಾದುದು. ಪ್ರತಿ ತಂಡದಲ್ಲಿ ಒಮ್ಮೆಗೆ 11 ಮಂದಿ ಆಡುತ್ತಾರೆ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಯತ್ನಗಳೊಳಗೆ 10 ಗಜ (ಒಂದು ಗಜವೆಂದರೆ ಸುಮಾರು 0.91 ಮೀಟರ್) ಮುನ್ನಡೆಯಬೇಕು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯುತ್ತಾರೆ, ರಿಸೀವರ್ ಮೊದಲೇ ಗೊತ್ತುಮಾಡಿದ ಹಾದಿಯಲ್ಲಿ ಓಡಿ ಅದನ್ನು ಹಿಡಿಯುತ್ತಾರೆ.

ಕ್ರಿಕೆಟ್‌ನ ಬ್ಯಾಟುಗಾರನಿಗೆ ಪ್ರತಿ ಎಸೆತದಲ್ಲೂ ತನ್ನ ಅವಕಾಶ ತನ್ನ ಕೈಯಲ್ಲೇ ಇರುತ್ತದೆ. ರಿಸೀವರ್‌ನ ಸ್ಥಿತಿ ಹಾಗಲ್ಲ. ಎದುರಾಳಿಯಿಂದ ಚೆನ್ನಾಗಿ ಬಿಡಿಸಿಕೊಂಡು ಓಡಿದರೂ, ಕ್ವಾರ್ಟರ್‌ಬ್ಯಾಕ್ ತನ್ನತ್ತ ನೋಡದಿದ್ದರೆ, ನೋಡಿದರೂ ಎಸೆತ ಒಂದು ಕ್ಷಣ ತಡವಾದರೆ, ಅಥವಾ ತರಬೇತುದಾರರು ಓಟದ ಆಟವನ್ನೇ ಆರಿಸಿಕೊಂಡಿದ್ದರೆ ಅಂಕಿಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಏನೂ ದಾಖಲಾಗುವುದಿಲ್ಲ. ರಿಸೀವರ್‌ನ ಅಂಕಿಅಂಶಗಳನ್ನು ಅವರೊಬ್ಬರ ಸಾಮರ್ಥ್ಯದ ಅಳತೆ ಎಂದು ತಿಳಿಯುವುದು ಈ ಕಾರಣದಿಂದ ಅಪಾಯಕಾರಿ.

ಆರಂಭಿಕ ಜೀವನ

ಕ್ಲೇಟನ್ ಲೂಯಿಸಿಯಾನಾ ರಾಜ್ಯದ ಬ್ಯಾಟನ್ ರೂಜ್ ನಗರದಲ್ಲಿ ಜನಿಸಿದರು. ಅದೇ ನಗರದ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ನಿಕ್ ಸೇಬನ್ ಅವರ ತರಬೇತಿಯಲ್ಲಿ ಆಡಿದರು. 2004ರ ಜನವರಿಯಲ್ಲಿ ಈ ತಂಡ ಒಕ್ಲಹೋಮಾ ತಂಡವನ್ನು 21–14ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದೇ ವರ್ಷದ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆಯ್ದುಕೊಳ್ಳುವ ವಾರ್ಷಿಕ ಪ್ರಕ್ರಿಯೆ) ಬಕನಿಯರ್ಸ್ ಇವರನ್ನು ಮೊದಲ ಸುತ್ತಿನಲ್ಲಿ, ಒಟ್ಟಾರೆ 15ನೆಯವರಾಗಿ ಆಯ್ಕೆ ಮಾಡಿತು. ರಿಸೀವರ್‌ಗಳ ಮಟ್ಟಿಗೆ ಅದು ಸಮೃದ್ಧ ವರ್ಷ. ಲ್ಯಾರಿ ಫಿಟ್ಜೆರಾಲ್ಡ್, ರಾಯ್ ವಿಲಿಯಮ್ಸ್, ಲೀ ಇವಾನ್ಸ್ ಮೊದಲಾದವರು ಕ್ಲೇಟನ್ ಅವರಿಗಿಂತ ಮೊದಲೇ ಆಯ್ಕೆಯಾಗಿದ್ದರು.

2004ರ ಋತು

ಕ್ಲೇಟನ್ ತಂಡ ಸೇರಿದಾಗ ಬಕನಿಯರ್ಸ್‌ನ ರಿಸೀವರ್ ಸ್ಥಾನಗಳು ಬಹುಮಟ್ಟಿಗೆ ಖಾಲಿಯಾಗಿದ್ದವು. ಕೀಶಾನ್ ಜಾನ್ಸನ್ ಅವರನ್ನು ಡಲ್ಲಾಸ್ ತಂಡಕ್ಕೆ ಕೊಟ್ಟು ಜೋಯಿ ಗ್ಯಾಲೋವೇ ಅವರನ್ನು ಪಡೆಯಲಾಗಿತ್ತು. ಹಿಂದಿನ ವರ್ಷ ಸಾವಿರ ಗಜ ದಾಟಿದ್ದ ಕೀನನ್ ಮೆಕಾರ್ಡೆಲ್ ಒಪ್ಪಂದದ ವಿವಾದದಿಂದ ತಂಡದ ಹೊರಗುಳಿದು, ಕೊನೆಗೆ ಸ್ಯಾನ್ ಡಿಯೇಗೋ ತಂಡಕ್ಕೆ ಹೋದರು. ಗ್ಯಾಲೋವೇ ಋತುವಿನ ಆರಂಭದಲ್ಲೇ ಗಾಯಗೊಂಡು ಹಲವು ಪಂದ್ಯಗಳಿಂದ ದೂರ ಉಳಿದರು. ಹೀಗೆ ಹೊಸಬರಾಗಿದ್ದ ಕ್ಲೇಟನ್ ಅನಿವಾರ್ಯವಾಗಿ ತಂಡದ ಮುಖ್ಯ ರಿಸೀವರ್ ಆದರು.

ಅವಕಾಶ ಒದಗಿತೆಂದ ಮಾತ್ರಕ್ಕೆ ಎಲ್ಲರೂ ಅದನ್ನು ಬಳಸಿಕೊಳ್ಳಲಾರರು, ಕ್ಲೇಟನ್ ಬಳಸಿಕೊಂಡರು. ಋತುವಿನ ಬಹುಭಾಗ ಕ್ವಾರ್ಟರ್‌ಬ್ಯಾಕ್ ಆಗಿದ್ದ ಬ್ರಯಾನ್ ಗ್ರೀಸಿ ಆ ವರ್ಷ ತಮ್ಮ ಎಸೆತಗಳಲ್ಲಿ ಶೇ. 69.3ರಷ್ಟನ್ನು ಯಶಸ್ವಿಯಾಗಿ ತಲುಪಿಸಿದರು. ನಡು ಅಂತರದ, ಕರಾರುವಾಕ್ಕಾದ ಎಸೆತ ಅವರದಾಗಿತ್ತು. ಎದುರಾಳಿಯ ಮೈತಾಗುವ ಸ್ಥಿತಿಯಲ್ಲೂ ಚೆಂಡನ್ನು ಹಿಡಿದುಕೊಳ್ಳುವ ಗಟ್ಟಿಮುಟ್ಟಾದ ರಿಸೀವರ್‌ಗೆ ಅದು ಹೇಳಿಮಾಡಿಸಿದಂತಿತ್ತು. ಕ್ಲೇಟನ್ ಪ್ರತಿ ಪಂದ್ಯಕ್ಕೆ ಸರಾಸರಿ 5 ಕ್ಯಾಚ್ ಹಿಡಿದು, 7 ಟಚ್‌ಡೌನ್ ಗಳಿಸಿದರು. ಹತ್ತು ವರ್ಷಗಳ ನಂತರ ಇದೇ ತಂಡಕ್ಕೆ ಬಂದ ಮೈಕ್ ಇವಾನ್ಸ್ ಕೂಡ ಮೊದಲ ಋತುವಿನಲ್ಲಿ ಗಳಿಸಿದ್ದು 1,051 ಗಜ. ತಂಡ ಮಾತ್ರ 5 ಪಂದ್ಯ ಗೆದ್ದು 11ರಲ್ಲಿ ಸೋತಿತು.

ಕುಸಿತ

2005ರಲ್ಲಿ ಬಕನಿಯರ್ಸ್ 11 ಪಂದ್ಯಗಳನ್ನು ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಅದೇ ವರ್ಷ ಕ್ಲೇಟನ್ 14 ಪಂದ್ಯಗಳಲ್ಲಿ 32 ಕ್ಯಾಚ್ ಹಿಡಿದರು, ಒಂದೂ ಟಚ್‌ಡೌನ್ ಗಳಿಸಲಿಲ್ಲ. ತಂಡ ಮೇಲೇರುತ್ತಿದ್ದಾಗ ಅದರ ಹಿಂದಿನ ವರ್ಷದ ಮುಖ್ಯ ರಿಸೀವರ್ ಕೆಳಗಿಳಿದರು ಎಂಬ ಅಂಶವನ್ನು ಗಮನಿಸಬೇಕು. ಇಡೀ ತಂಡ ಹದಗೆಟ್ಟಿತೆಂಬ ಸುಲಭದ ವಿವರಣೆ ಇಲ್ಲಿ ನಿಲ್ಲುವುದಿಲ್ಲ.

ಕಾರಣಗಳು

ಮೊದಲನೆಯದು ದೇಹ. 2004ರ ಋತು ಮುಗಿದ ಮೇಲೆ ಕ್ಲೇಟನ್ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಒಳಗಾದರು. ಅದರಿಂದ ಋತುಗಳ ನಡುವಿನ ತಿಂಗಳುಗಳ ಅಭ್ಯಾಸಕ್ಕೆ ಪೆಟ್ಟು ಬಿತ್ತು. ಹೊರಗಿನವರಿಗೆ ಈ ತಿಂಗಳುಗಳು ಬಿಡುವಿನ ಕಾಲದಂತೆ ಕಂಡರೂ, ಎರಡನೇ ವರ್ಷದ ಆಟಗಾರ ದೇಹವನ್ನು ಕಟ್ಟಿಕೊಳ್ಳುವುದೂ ಕ್ವಾರ್ಟರ್‌ಬ್ಯಾಕ್‌ನೊಂದಿಗೆ ಹೊಂದಾಣಿಕೆ ಬೆಳೆಸಿಕೊಳ್ಳುವುದೂ ಆಗಲೇ. 2005ರಲ್ಲಿ ಭುಜ ಮತ್ತು ಕಾಲ್ಬೆರಳಿನ ನೋವುಗಳೂ ಸೇರಿಕೊಂಡವು. ಕಾಲಿನ ಹೆಬ್ಬೆರಳ ಬುಡದ ಅಸ್ಥಿರಜ್ಜು ಉಳುಕುವ ಈ ಬಗೆಯ ಗಾಯವನ್ನು ಕ್ರೀಡಾ ವೈದ್ಯರು ‘ಟರ್ಫ್ ಟೋ’ ಎನ್ನುತ್ತಾರೆ. ಕೇಳುವುದಕ್ಕೆ ಸಣ್ಣ ಗಾಯ. ಆದರೆ ಪೂರ್ಣ ವೇಗದಲ್ಲಿ ಓಡುತ್ತ ಥಟ್ಟನೆ ದಿಕ್ಕು ಬದಲಿಸುವಾಗ ರಿಸೀವರ್‌ನ ಭಾರವೆಲ್ಲ ಬೀಳುವುದು ಆ ಬೆರಳಿನ ಮೇಲೆಯೇ. ಮೊದಲಿನಿಂದಲೂ ಮಿಂಚಿನ ಓಟಕ್ಕಿಂತ ಕಸುವು ಮತ್ತು ತಿರುವುಗಳನ್ನು ನೆಚ್ಚಿಕೊಂಡ ಕ್ಲೇಟನ್ ಅವರಂಥ ಆಟಗಾರ ಅರ್ಧ ಹೆಜ್ಜೆ ನಿಧಾನವಾದರೂ ಎದುರಾಳಿಯಿಂದ ಬಿಡಿಸಿಕೊಳ್ಳುವುದು ಕಷ್ಟ.

ಎರಡನೆಯದು ಅವಕಾಶದ ಹಂಚಿಕೆ. ಗಾಯದಿಂದ ಚೇತರಿಸಿಕೊಂಡ ಗ್ಯಾಲೋವೇ 2005ರಲ್ಲಿ 83 ಕ್ಯಾಚ್‌ಗಳಿಂದ 1,287 ಗಜ ಮತ್ತು 10 ಟಚ್‌ಡೌನ್ ಗಳಿಸಿದರು. ಅಂದರೆ ಮುಖ್ಯ ರಿಸೀವರ್‌ನ ಪಾಲು ತಂಡದಲ್ಲಿ ಹಾಗೆಯೇ ಉಳಿದಿತ್ತು, ಪಡೆದವರು ಮಾತ್ರ ಬದಲಾದರು. ಜೊತೆಗೆ ಆ ವರ್ಷ ತಂಡ ಸೇರಿದ ಓಟಗಾರ ಕಾರ್ನೆಲ್ ‘ಕ್ಯಾಡಿಲಾಕ್’ ವಿಲಿಯಮ್ಸ್ 1,178 ಗಜ ಓಡಿ, ಆಕ್ರಮಣ ವಿಭಾಗದ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದರು. ಇಂಥ ತಂಡದಲ್ಲಿ ಎರಡನೇ ರಿಸೀವರ್‌ನ ಕೆಲಸ ಬಹುಪಾಲು ಓಟಗಾರನಿಗೆ ದಾರಿ ಬಿಡಿಸಿಕೊಡುವುದೇ ಆಗುತ್ತದೆ. ಕ್ಲೇಟನ್ ಅದರಲ್ಲಿ ನಿಪುಣರಾಗಿದ್ದರು. ಎದುರಾಳಿಯನ್ನು ತಡೆಯುವ ಅವರ ಸಾಮರ್ಥ್ಯ ಮುಂದಿನ ವರ್ಷಗಳಲ್ಲೂ ಮೆಚ್ಚುಗೆ ಪಡೆಯಿತು. ಆದರೆ ತಡೆದದ್ದಕ್ಕೆ ಗಜಗಳ ಲೆಕ್ಕವಿಲ್ಲ.

ಮೂರನೆಯದು ಚೆಂಡು ಎಸೆಯುವವರ ಬದಲಾವಣೆ. ಬಹುಶಃ ಕ್ಲೇಟನ್ ಮತ್ತೆ ಚೇತರಿಸಿಕೊಳ್ಳದಿರುವುದಕ್ಕೆ ಇದೇ ಹೆಚ್ಚು ಹತ್ತಿರದ ಕಾರಣ. ಗ್ರೀಸಿ 2005ರ ಅಕ್ಟೋಬರ್‌ನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಋತುವಿನಿಂದಲೇ ಹೊರಬಿದ್ದರು. ಅವರ ಜಾಗಕ್ಕೆ ಬಂದ ಕ್ರಿಸ್ ಸಿಮ್ಸ್ 2006ರ ಸೆಪ್ಟೆಂಬರ್‌ನಲ್ಲಿ ಕ್ಯಾರೊಲೈನಾ ವಿರುದ್ಧದ ಪಂದ್ಯದಲ್ಲಿ ಗುಲ್ಮ ಒಡೆದು ತುರ್ತು ಶಸ್ತ್ರಚಿಕಿತ್ಸೆಗೆ ಒಳಗಾದರು. ಬಳಿಕ ಆರನೇ ಸುತ್ತಿನಲ್ಲಿ ಆಯ್ಕೆಯಾಗಿದ್ದ ಹೊಸಬ ಬ್ರೂಸ್ ಗ್ರಾಡ್‌ಕೌಸ್ಕಿ, ಅವರ ನಂತರ ಟಿಮ್ ರಾಟೇ, 2007ರಲ್ಲಿ ಜೆಫ್ ಗಾರ್ಸಿಯಾ ಆ ಜವಾಬ್ದಾರಿ ಹೊತ್ತರು. ಮುಖ್ಯ ತರಬೇತುದಾರ ಜಾನ್ ಗ್ರೂಡನ್ ಅನುಸರಿಸುತ್ತಿದ್ದ ‘ವೆಸ್ಟ್ ಕೋಸ್ಟ್’ ಪದ್ಧತಿಯಲ್ಲಿ ರಿಸೀವರ್ ತಿರುಗುವ ಮುನ್ನವೇ ಚೆಂಡು ಕೈಬಿಟ್ಟಿರಬೇಕು. ಎಷ್ಟನೇ ಹೆಜ್ಜೆಗೆ ಯಾರು ಎಲ್ಲಿರುತ್ತಾರೆ ಎಂಬ ಪರಸ್ಪರ ಅರಿವು ತಿಂಗಳುಗಟ್ಟಲೆ ಅಭ್ಯಾಸದಿಂದ ಬರುವಂಥದು. ಕ್ವಾರ್ಟರ್‌ಬ್ಯಾಕ್ ಬದಲಾದಾಗಲೆಲ್ಲ ಅದನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ.

ಇವುಗಳ ಜೊತೆಗೆ ಕ್ಲೇಟನ್ ಅವರ ಆಟದ ಲೋಪಗಳೂ ಇದ್ದವು. ಕೈಗೆ ಬಂದ ಚೆಂಡನ್ನು ಜಾರಿಸುವುದು ಅವರ ಮೇಲಿನ ನಿರಂತರ ದೂರಾಯಿತು. ಮೇಲಿನ ಸಂದರ್ಭಗಳು ಕುಸಿತವನ್ನು ವಿವರಿಸುತ್ತವೆಯೇ ಹೊರತು ಈ ಲೋಪಗಳನ್ನು ಮನ್ನಿಸುವುದಿಲ್ಲ. ಆದರೂ ಜಾರಿದ ಚೆಂಡಿನ ಪರಿಣಾಮವೂ ಅವಕಾಶವನ್ನು ಅವಲಂಬಿಸಿದೆ. ಹತ್ತು ಎಸೆತ ಬರುವವನು ಒಂದನ್ನು ಬಿಟ್ಟರೆ ಅದು ಮರೆಯುತ್ತದೆ, ಮೂರು ಎಸೆತ ಬರುವವನು ಒಂದನ್ನು ಬಿಟ್ಟರೆ ನಾಲ್ಕನೆಯದು ಬರುವುದೇ ಕಷ್ಟ.

ಸರಾಸರಿಯ ಪ್ರಶ್ನೆ

ಎರಡನೇ ವರ್ಷದಲ್ಲಿ ಆಟಗಾರರು ಮಂಕಾಗುವುದನ್ನು ಅಮೆರಿಕದ ಕ್ರೀಡಾಪ್ರಿಯರು ಒಂದು ಶಾಪವೆಂಬಂತೆ ಮಾತನಾಡುತ್ತಾರೆ. ಅದರ ಒಂದು ಭಾಗ ಬರಿಯ ಗಣಿತ. ಅಸಾಧಾರಣ ಮೊದಲ ವರ್ಷ ಕಂಡವರಷ್ಟೇ ಎಲ್ಲರ ಗಮನಕ್ಕೆ ಬರುತ್ತಾರೆ. ಅಸಾಧಾರಣ ವರ್ಷಕ್ಕೆ ಸಾಮರ್ಥ್ಯದ ಜೊತೆ ಅನುಕೂಲ ಸಂದರ್ಭವೂ ಬೇಕು, ಅದು ಪ್ರತಿವರ್ಷ ಮರುಕಳಿಸುವುದಿಲ್ಲ. ಆದ್ದರಿಂದ 2005ರಲ್ಲಿ ಕ್ಲೇಟನ್ 800 ಅಥವಾ 900 ಗಜ ಗಳಿಸಿದ್ದರೆ ಆಶ್ಚರ್ಯವಿರಲಿಲ್ಲ. 821 ಗಜಗಳ ಇಳಿಕೆಯನ್ನು ಅದೊಂದರಿಂದಲೇ ವಿವರಿಸಲಾಗದು. ಗಾಯ, ಗ್ಯಾಲೋವೇ ಅವರ ಮರಳುವಿಕೆ, ಓಟಕ್ಕೆ ಹೆಚ್ಚಿದ ಒತ್ತು, ಗ್ರೀಸಿ ಅವರ ನಿರ್ಗಮನ ಇವೆಲ್ಲ ಒಂದೇ ಋತುವಿನಲ್ಲಿ ಕೂಡಿಬಂದವು. ಅವುಗಳಲ್ಲಿ ಪ್ರತಿಯೊಂದರ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ.

ಅದೇ ಡ್ರಾಫ್ಟ್‌ನ ಫಿಟ್ಜೆರಾಲ್ಡ್ ಇದಕ್ಕೆ ವ್ಯತಿರಿಕ್ತ ಉದಾಹರಣೆ. ಮೊದಲ ವರ್ಷ 58 ಕ್ಯಾಚ್‌ಗಳೊಂದಿಗೆ ಕ್ಲೇಟನ್ ಅವರಿಗಿಂತ ಬಹಳ ಹಿಂದಿದ್ದ ಅವರು, ಎರಡನೇ ವರ್ಷ 103 ಕ್ಯಾಚ್ ಮತ್ತು 1,409 ಗಜ ಗಳಿಸಿದರು. ನಿವೃತ್ತಿಯ ವೇಳೆಗೆ ಅವರ ಮೊತ್ತ 17,492 ಗಜ ತಲುಪಿತ್ತು.

ನಂತರದ ವರ್ಷಗಳು

2006ರಲ್ಲಿ ಕ್ಲೇಟನ್ 12 ಪಂದ್ಯಗಳಲ್ಲಿ 33 ಕ್ಯಾಚ್‌ಗಳಿಂದ 356 ಗಜ ಗಳಿಸಿದರು. ಆ ಋತುವಿನ ಅವರ ಏಕೈಕ ಟಚ್‌ಡೌನ್ ಅಕ್ಟೋಬರ್‌ನಲ್ಲಿ ಸಿನ್ಸಿನಾಟಿ ವಿರುದ್ಧ ಕೊನೆಯ ನಿಮಿಷದಲ್ಲಿ ಬಂತು. ಅದರಿಂದ ತಂಡ 14–13ರಿಂದ ಗೆದ್ದು ಆ ವರ್ಷದ ಮೊದಲ ಜಯ ಕಂಡಿತು. 2007ರಲ್ಲಿ 301 ಗಜಗಳಿಗೆ ಇಳಿದು, 2008ರಲ್ಲಿ 484ಕ್ಕೆ ಏರಿದರು. ಗ್ರೂಡನ್ ಅವರನ್ನು ಕೈಬಿಟ್ಟ ನಂತರ, 2009ರಲ್ಲಿ ತಂಡ ಕ್ಲೇಟನ್ ಅವರೊಂದಿಗೆ ಐದು ವರ್ಷಗಳ ಹೊಸ ಒಪ್ಪಂದ ಮಾಡಿಕೊಂಡಿತು. ಆ ವರ್ಷ ಅವರು ಹಿಡಿದದ್ದು 16 ಕ್ಯಾಚ್. 2010ರ ಋತು ಆರಂಭವಾಗುವ ಹೊತ್ತಿಗೆ ತಂಡ ಅವರನ್ನು ಬಿಡುಗಡೆ ಮಾಡಿತು.

ಅನಂತರ ಅವರು ಯುನೈಟೆಡ್ ಫುಟ್‌ಬಾಲ್ ಲೀಗ್‌ನ ಒಮಾಹಾ ನೈಟ್‌ಹಾಕ್ಸ್ ತಂಡದಲ್ಲಿ ಆಡಿ, ಬಳಿಕ ನ್ಯೂಯಾರ್ಕ್ ಜೈಂಟ್ಸ್ ಮೂಲಕ ಎನ್‌ಎಫ್‌ಎಲ್‌ಗೆ ಮರಳಿದರು. ಅಲ್ಲಿ ಅವರ ಹೆಸರಿನಲ್ಲಿರುವುದು 2 ಕ್ಯಾಚ್. ಎನ್‌ಎಫ್‌ಎಲ್‌ನಲ್ಲಿ ಒಟ್ಟು 223 ಕ್ಯಾಚ್, 2,955 ಗಜ ಮತ್ತು 10 ಟಚ್‌ಡೌನ್ ಅವರ ದಾಖಲೆ. ಈ ಹತ್ತರಲ್ಲಿ ಏಳು 2004ರವು.